ರಟ್ಟಿನ ಮರೆಯಲ್ಲಿ ನಿಂತವರು

ಮೇಟಗಳ್ಳಿಯ ಮತಗಟ್ಟೆಯೊಂದರಲ್ಲಿ ನನಗೆ ಚುನಾವಣಾ ಡ್ಯೂಟಿ. ಕಾರ್ಖಾನೆ ಯೂನಿಫಾರ್ಮಿನ ಒಬ್ಬರು ವೋಟು ಹಾಕಲು ರಟ್ಟಿನ ಮರೆಗೆ ಹೋದರು. ಎಷ್ಟು ಹೊತ್ತಾದರೂ ಯಂತ್ರದ ಬೀಪ್ ಬರಲಿಲ್ಲ. ಎರಡೂ ಪಕ್ಷದ ಏಜೆಂಟರು ಕುರ್ಚಿ ಬಿಟ್ಟು ಎದ್ದರು. ನಾನು ಕೂತಲ್ಲಿಂದಲೇ ಕೇಳಿದೆ.

“ಏನಾಯ್ತು ಯಜಮಾನ್ರೇ?”

ಅವರು ತಲೆ ಎತ್ತಿದರು. “ಈ ಪಕ್ಷದೋರು ಗೆದ್ರೆ ಆ ಪಕ್ಷದ ಕಡೆಯೋರನ್ನ ಬುಡಲ್ಲ ಅಂತಾರೆ, ಅವರು ಗೆದ್ರೆ ಇವರ ಕಡೆಯೋರನ್ನ. ನಂಗೆ ಎರಡೂ ಕಡೆ ಬೇಕಾದೋರವ್ರೆ ಸಾರ್. ಎಂಗೆ ಒತ್ಲಿ?”

“ಕೊನೇಲಿ ನೋಟಾ ಇದೆ ಕಣ್ರೀ.”

“ಅದನ್ನ ಒತ್ತಿದ್ರೆ ಮನೇಲೇ ಕೂತಂಗಲ್ವಾ?”

ಸಾಲಿನಲ್ಲಿ ಯಾರೋ ಜೋರಾಗಿ ಕೆಮ್ಮಿದರು. ತಕ್ಷಣ ಬೀಪ್ ಬಂತು. ಅವರು ಯಾರ ಮುಖವನ್ನೂ ನೋಡದೆ ಹೊರಟುಹೋದರು. ಏಜೆಂಟರಿಬ್ಬರೂ “ನಮ್ಮೋರೇ” ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಹಿಂದಿನ ವಾರ ಚುನಾವಣಾ ತರಬೇತಿ ಕೇಂದ್ರದ ಸಾಲಿನಲ್ಲಿ ನನ್ನ ಅಂಚೆ ಮತಪತ್ರದ ಮೇಲೆ ಗುರುತು ಬಿದ್ದದ್ದೂ ಹಿಂದೆ ನಿಂತವರು ಕೆಮ್ಮಿದ ಮೇಲೆಯೇ.