ಹಾಲಮ್ಮನ ಸವತಿ

ವಿದ್ಯಾನಗರದ ನಮ್ಮ ಬೀದಿಯ ಕೊನೆಯಲ್ಲಿ ಹಾಲಮ್ಮನ ಹಿಟ್ಟಿನ ಗಿರಣಿ. ಡಬ್ಬ ಹಿಡಿದು ಹೋದವರು ಮೊದಲು ಯಂತ್ರದ ಯೋಗಕ್ಷೇಮ ವಿಚಾರಿಸಬೇಕಿತ್ತು.

"ಇವತ್ತು ಇವ್ಳಿಗೆ ಸಿಟ್ಟು ಬಂದಿದೆ ಟೀಚರ್. ರಾಗಿ ತಗೊಳ್ತಾಳೆ, ಗೋಧಿ ಅಂದ್ರೆ ಮುಖ ತಿರುಗಿಸ್ತಾಳೆ. ನಾಳೆ ಬನ್ನಿ" ಎನ್ನುವರು ಹಾಲಮ್ಮ.

ಗಂಡ ವೀರಪ್ಪ ದಿನವೆಲ್ಲ ಆ ಯಂತ್ರದ ಸೇವೆಯಲ್ಲೇ ಇರುತ್ತಿದ್ದರು. ಹಾಗಾಗಿ ಹಾಲಮ್ಮ ಅದನ್ನು ಸವತಿ ಎಂದೇ ಕರೆಯುತ್ತಿದ್ದರು. "ನನಗೊಂದು ಸೀರೆ ತರೋಕೆ ಹತ್ತು ಸಲ ಹೇಳ್ಬೇಕು. ಸವತಿಗೆ ಮಾತ್ರ ಕೇಳೋ ಮೊದ್ಲೇ ಹೊಸ ಬೆಲ್ಟ್!" ಎಂದು ಗಂಡನ ಎದುರಿಗೇ ಛೇಡಿಸುವರು. ವೀರಪ್ಪ ನಗುತ್ತಲೇ ಯಂತ್ರಕ್ಕೆ ಎಣ್ಣೆ ಬಿಡುವರು.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಜೀವವಿಲ್ಲದ್ದಕ್ಕೆ ಮನುಷ್ಯರ ಗುಣ ಕೊಟ್ಟು ಮಾತಾಡುವುದೂ ಒಂದು ಅಲಂಕಾರ ಎಂದು ಹೇಳಿಕೊಡುವಾಗ ನಗುವ ಹೂವು, ಅಳುವ ಮೋಡ ಎಂಬ ಹಳೆಯ ಉದಾಹರಣೆಗಳು ನನಗೇ ಆಕಳಿಕೆ ತರಿಸುತ್ತಿದ್ದವು. ಹಾಲಮ್ಮನ ಸವತಿಯ ಕಥೆ ಹೇಳಿದರೆ ಮಕ್ಕಳು ಗೊಳ್ಳೆಂದು ನಗುತ್ತಿದ್ದರು, ಪಾಠವೂ ತಲೆಗೆ ಹತ್ತುತ್ತಿತ್ತು.

ಹೋದ ಬೇಸಿಗೆಯಲ್ಲಿ ಎದೆನೋವೆಂದು ಮಲಗಿದ ವೀರಪ್ಪ ಮತ್ತೆ ಏಳಲಿಲ್ಲ. ತಿಂಗಳು ಕಳೆದು ಹಾಲಮ್ಮ ಗಿರಣಿಯ ಬಾಗಿಲು ತೆರೆದರು. ಆದರೆ ಯಂತ್ರದ ಮಾತೇ ಎತ್ತುತ್ತಿರಲಿಲ್ಲ. "ಗೋಧಿ ಆಗುತ್ತೆ, ಇಟ್ಟು ಹೋಗಿ" ಎನ್ನುವರು, ಅಷ್ಟೆ.

ಆಯುಧಪೂಜೆ ಬಂತು. ಪ್ರತಿವರ್ಷ ವೀರಪ್ಪ ಕುಂಬಳಕಾಯಿ ಒಡೆಯುತ್ತಿದ್ದರು, ಯಂತ್ರಕ್ಕೆ ಕುಂಕುಮ ಇಡುತ್ತಿದ್ದವರು ಹಾಲಮ್ಮ. ಈ ಸಲ ಪೂಜೆಗೆಂದು ವೀರಪ್ಪನವರ ಅಣ್ಣ ಭೂತಪ್ಪ ಭದ್ರಾವತಿಯಿಂದ ಬಂದಿದ್ದರು. ಕೆಟ್ಟವರಲ್ಲ, ನಾಲ್ಕು ಜನರ ಬಾಯಿಗೆ ಹೆದರುವವರು. ಬೀದಿಯವರ ಜೊತೆ ನಾನೂ ಪೂಜೆಗೆ ಹೋಗಿದ್ದೆ. ಹಾಲಮ್ಮ ಎಂದಿನಂತೆ ಕುಂಕುಮದ ಬಟ್ಟಲಿಗೆ ಕೈ ಚಾಚಿದರು.

"ನೀನು ಬೇಡಮ್ಮ, ನಾನೇ ಇಡ್ತೀನಿ. ಗಂಡ ಹೋದವಳ ಕೈಯಿಂದ ಆಗಬಾರದು" ಎಂದು ಭೂತಪ್ಪ ಬಟ್ಟಲನ್ನು ತಮ್ಮತ್ತ ಎಳೆದುಕೊಂಡರು.

ನನಗೆ ಮೈ ಉರಿಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಹಾಲಮ್ಮ ಯಂತ್ರದ ಮೇಲೆ ಕೈಯಿಟ್ಟರು.

"ಇವ್ಳೂ ಅವ್ರನ್ನೇ ಕಳ್ಕೊಂಡಿರೋದು ಭಾವ. ಇವ್ಳಿಗೆ ಕುಂಕುಮ ಆಗುತ್ತೆ. ನನಗ್ಯಾಕೆ ಆಗಲ್ಲ?"

ಭೂತಪ್ಪ ತಮ್ಮನ ಹೆಂಡತಿಯನ್ನು ನೋಡಿದರು, ಯಂತ್ರವನ್ನು ನೋಡಿದರು. ಅವರ ಕಣ್ಣು ತುಂಬಿ ಬಂತು. ಬಟ್ಟಲನ್ನು ಹಾಲಮ್ಮನ ಕೈಗೆ ಕೊಟ್ಟರು.

"ಇಬ್ರೂ ಇಟ್ಕೊಳ್ರಮ್ಮ" ಎಂದರು.