ಆರ್ಡಿಸ್ ಹೇಳಿದ ಒಂದು ‘ಬೇಕು’

ನಮ್ಮ ಹೋಲ್ಬಿ ಊರಿನಲ್ಲಿ ಯಾರಾದರೂ ಕಾಫಿ ಕೊಡುತ್ತೇನೆಂದರೆ ಮೊದಲ ಸಲ ಬೇಡ ಅನ್ನಬೇಕು. ಎರಡನೇ ಸಲವೂ ಬೇಡ ಅನ್ನಬೇಕು. ಮೂರನೇ ಸಲ ಕೇಳಿದಾಗ, “ಸರಿ, ಹೇಗೂ ಮಾಡಿಟ್ಟಿದ್ದೀರಲ್ಲ, ಅರ್ಧ ಲೋಟ ಕೊಡಿ” ಅನ್ನಬೇಕು. ನಾರ್ವೆಯಿಂದ ಬಂದ ಮುತ್ತಜ್ಜಂದಿರು ಹೊಲದ ಜೊತೆ ನಮಗೆ ಬಿಟ್ಟುಹೋದ ಆಸ್ತಿ ಇದು. ಮೊದಲ ಸಲಕ್ಕೇ ಕೈ ಚಾಚಿದವರನ್ನು ನಾವು ಬೈಯುವುದಿಲ್ಲ. ಪಾಪ, ಅವರಮ್ಮ ಹೇಗೆ ಬೆಳೆಸಿದಳೋ ಎಂದು ಮರುಗುತ್ತೇವೆ, ಅಷ್ಟೆ.

ಈ ವಿಷಯದಲ್ಲಿ ಆರ್ಡಿಸ್ ಕ್ವಾಮಿಯನ್ನು ಮೀರಿಸುವವರು ಜಿಲ್ಲೆಯಲ್ಲೇ ಇಲ್ಲ. ಅವಳ ಅಡುಗೆಮನೆಗೆ ಬೆಂಕಿ ಬಿದ್ದಾಗ ಓಡಿಬಂದ ಅಗ್ನಿಶಾಮಕದವರಿಗೆ, “ಬೇರೆ ಕೆಲಸ ಇದ್ರೆ ಮುಗಿಸ್ಕೊಂಡೇ ಬನ್ನಿ” ಅಂದಳಂತೆ. ನಾನು ಕಣ್ಣಾರೆ ಕಂಡಿಲ್ಲ, ಆದರೆ ನಂಬುತ್ತೇನೆ.

ನಾವು ಆರಿಸಿ ವಾಷಿಂಗ್ಟನ್ನಿಗೆ ಕಳಿಸಿದ ಸೆನೆಟರರ ಊರಿನ ಕಚೇರಿಯನ್ನು ಆರ್ಡಿಸ್ ನೋಡಿಕೊಳ್ಳುತ್ತಾಳೆ. ಕ್ಷೌರದಂಗಡಿಯ ಪಕ್ಕದಲ್ಲಿ ಒಂದು ಕೋಣೆ, ಒಂದು ಮೇಜು, ಒಂದು ಫೋನು. ಯಾರದೋ ಪಿಂಚಣಿ ನಿಂತಿರುತ್ತದೆ, ಯುದ್ಧಕ್ಕೆ ಹೋಗಿಬಂದ ಯಾವ ಮುದುಕನಿಗೋ ಕಿವಿಯ ಯಂತ್ರ ಬಂದಿರುವುದಿಲ್ಲ, ಹೊಲಕ್ಕೆ ಆಲಿಕಲ್ಲು ಬಿದ್ದ ನನ್ನಂಥ ರೈತನ ಬೆಳೆವಿಮೆ ಎಲ್ಲೋ ಸಿಕ್ಕಿಕೊಂಡಿರುತ್ತದೆ. ಇಪ್ಪತ್ತನಾಲ್ಕು ವರ್ಷದಿಂದ ಇವನ್ನೆಲ್ಲ ಬಿಡಿಸುತ್ತ ಬಂದವಳು ಅವಳು. ಗಂಡ ತೀರಿಕೊಂಡ ಮೇಲಂತೂ ಆ ಕೋಣೆಯೇ ಅವಳ ಸಂಸಾರ. ಸೆನೆಟರ್ ಸೋತರೆ ಕೋಣೆಗೆ ಬೀಗ. ಅರವತ್ತೆರಡರ ಆರ್ಡಿಸ್ ಮನೆಯಲ್ಲಿ ಕೂತು ಗೋಡೆ ನೋಡಬೇಕು.

ನಮ್ಮ ಸೆನೆಟರ್ ಗೇಲನ್ ಟೋರ್ವಿಕ್ ಸೋಲುವ ಲಕ್ಷಣ ಚೆನ್ನಾಗಿಯೇ ಕಾಣುತ್ತಿತ್ತು. ಚುನಾವಣೆಗೆ ಎರಡು ವರ್ಷ ಇರುವಾಗ ಅವನು ಕೃಷಿ ಸಮಿತಿಯ ಜಾಗ ಕಳೆದುಕೊಂಡ. ನಮ್ಮ ಕಣಿವೆಯಲ್ಲಿ ಕಣ್ಣು ಹಾಯಿಸಿದಷ್ಟು ದೂರ ಸಕ್ಕರೆ ತೆಗೆಯುವ ಬೀಟ್ ಗೆಡ್ಡೆಯ ಹೊಲ. ಹೊರದೇಶದ ಅಗ್ಗದ ಸಕ್ಕರೆ ಎಷ್ಟು ಒಳಗೆ ಬರಬೇಕು ಎಂಬ ಕಾನೂನಿನ ಸಾಲನ್ನು ಬರೆಯುವುದು ಆ ಸಮಿತಿ. ಅಲ್ಲಿ ನಮ್ಮವನೊಬ್ಬ ಇಲ್ಲದಿದ್ದರೆ ಊರ ಸಕ್ಕರೆ ಕಾರ್ಖಾನೆ ಮುಚ್ಚಿತೆಂದೇ ಲೆಕ್ಕ. ಅದರ ಬದಲು ಅವನಿಗೆ ಸಿಕ್ಕಿದ್ದು ಸೆನೆಟ್ಟಿನ ಸ್ವಂತ ಮನೆವಾರ್ತೆ ನೋಡುವ ಸಮಿತಿ. ಯಾರಿಗೆ ಯಾವ ಕೋಣೆ, ಯಾರ ಕಾರು ಎಲ್ಲಿ ನಿಲ್ಲಬೇಕು, ಇಂಥವು. ನನಗೆ ಮೈಯೆಲ್ಲ ಉರಿಯಿತು. ಇವನಿಗೆ ಇನ್ನು ವೋಟು ಹಾಕುವುದಿಲ್ಲ ಎಂದು ಕ್ಷೌರದಂಗಡಿಯಲ್ಲಿ ಗಟ್ಟಿಯಾಗಿಯೇ ಹೇಳಿದೆ.

ಗೇಲನ್ ಊರಿಗೆ ಬಂದಾಗ ಆರ್ಡಿಸ್ ಕೇಳಿಯೇಬಿಟ್ಟಳು. ನಾನು ವಿಮೆಯ ಕಾಗದ ಹಿಡಿದು ಅಲ್ಲೇ ಕೂತಿದ್ದೆ.

“ನಿಜವಾಗ್ಲೂ ಏನಾಯ್ತು, ಸೆನೆಟರ್ರೇ?”

ಅವನ ಕಿವಿ ಕೆಂಪಾಯಿತು. “ಈ ಸಲ ಸಮಿತೀಲಿ ಒಂದು ಜಾಗ ಕಡಿಮೆ ಇತ್ತು. ನೀವೇ ಮುಂದುವರೀತೀರಾ ಅಂತ ನಮ್ಮ ಪಕ್ಷದ ಮುಖಂಡರು ಫೋನ್ ಮಾಡಿದ್ರು. ಬೇರೆ ಯಾರಿಗಾದ್ರೂ ಬೇಕಿದ್ರೆ ಕೊಡಿ, ನಂದೇನಿಲ್ಲ ಅಂದೆ.”

“ಆಮೇಲೆ?”

“ಆಮೇಲೇನು, ಕೊಟ್ಟೇಬಿಟ್ರು.”

“ಎರಡನೇ ಸಲ ಕೇಳ್ಲೇ ಇಲ್ವಾ?”

“ಇಲ್ಲ ಆರ್ಡಿಸ್. ಥ್ಯಾಂಕ್ಸ್ ಅಂದು ಫೋನ್ ಇಟ್ರು.”

“ಎಂಥಾ ಮನೇಲಿ ಬೆಳೆದ ಜನಾನೋ,” ಎಂದಳು ಆರ್ಡಿಸ್.

ನನ್ನ ಸಿಟ್ಟು ಅಲ್ಲೇ ಇಳಿಯಿತು. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. “ಇದನ್ನೇ ಜನಕ್ಕೆ ಹೇಳಯ್ಯ,” ಎಂದೆ. “ನಾನೆಷ್ಟು ಮರ್ಯಾದಸ್ಥ ಅಂತ ನಾನೇ ಡಂಗುರ ಹೊಡ್ಕೊಳ್ಳೋಕಾಗುತ್ತಾ, ಮರ್ಲ್?” ಎಂದ ಗೇಲನ್.

ಚುನಾವಣೆಯಲ್ಲಿ ಅವನ ಎದುರಾಳಿ, ಟ್ರ್ಯಾಕ್ಟರ್ ಮಾರುವ ಡೇಲ್ ಪ್ರೆಟ್ಜರ್‌ಗೆ ಅಂಥ ಸಂಕೋಚ ಏನೂ ಇರಲಿಲ್ಲ. ಹೆದ್ದಾರಿಯುದ್ದಕ್ಕೂ ಹಲಗೆ ನಿಲ್ಲಿಸಿದ: ‘ನಿಮ್ಮ ಬೀಟಿಗೆ ಬೆಲೆಯಿಲ್ಲ, ಸೆನೆಟರರ ಕಾರಿಗೆ ನೆರಳಿದೆ.’ ಚರ್ಚಿನ ನೆಲಮಾಳಿಗೆಯ ಊಟದಲ್ಲಿ ಗೇಲನ್‌ಗೆ ಎಲ್ಲರೂ ನಗುನಗುತ್ತಲೇ ಬಡಿಸಿದರು, ಆದರೆ ಇನ್ನೊಂದು ಸೌಟು ಹಾಕಲೇ ಎಂದು ಯಾರೂ ಕೇಳಲಿಲ್ಲ. ಅವತ್ತು ಆರ್ಡಿಸ್ ಮನೆಗೆ ಹೋಗಿ ಅತ್ತಳೆಂದು ಆಮೇಲೆ ತಿಳಿಯಿತು.

ಚುನಾವಣೆಯ ವರ್ಷ, ಫೆಬ್ರವರಿ. ಗೇಲನ್ ಹೆಪ್ಪುಗಟ್ಟಿದ ಸರೋವರದ ಮೇಲೆ ಗುಡಿಸಲು ಎಳೆದುಕೊಂಡು ಹೋಗಿ, ಮಂಜುಗಡ್ಡೆಗೆ ತೂತು ಕೊರೆದು ಮೀನಿಗೆ ಗಾಳ ಹಾಕಿ ಕೂತಿದ್ದ. ಅಲ್ಲಿ ಫೋನು ಸಿಗುವುದಿಲ್ಲ. ನಾನು ವಿಮೆಯ ಕಾಗದ ಹಿಡಿದು ಕೂತಿದ್ದಾಗ ಕಚೇರಿಯ ಫೋನು ರಿಂಗಾಯಿತು. ಆರ್ಡಿಸ್ ಎಂದಿನಂತೆ ಗುಂಡಿ ಒತ್ತಿ ಎಲ್ಲರಿಗೂ ಕೇಳುವ ಹಾಗೆ ಇಟ್ಟಳು.

ವಾಷಿಂಗ್ಟನ್ನಿನ ಯಾವನೋ ಹುರುಪಿನ ದನಿ. “ಕೃಷಿ ಸಮಿತೀಲಿ ಒಬ್ರು ರಾಜೀನಾಮೆ ಕೊಟ್ಟಿದಾರೆ. ನಿಮ್ಮ ಸೆನೆಟರ್ ಫೋನ್ ಸಿಕ್ತಿಲ್ಲ. ಅವರಿಗೆ ಜಾಗ ಬೇಕಾ? ಬೇಡ ಅಂದ್ರೆ ಮುಂದಿನೋರಿಗೆ ಫೋನ್ ಮಾಡ್ತೀನಿ. ಈಗ್ಲೇ ಹೇಳ್ಬೇಕು.”

ಆರ್ಡಿಸ್ ಬಾಯಿ ತೆರೆದಳು. ‘ಅಯ್ಯೋ’ ಎಂಬಷ್ಟು ಆಗಲೇ ಹೊರಬಿದ್ದಿತ್ತು. ಅವಳು ಎರಡೂ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡಳು, ಹಲ್ಲು ಕೀಳಿಸಿಕೊಳ್ಳುವವಳ ಹಾಗೆ ಕಣ್ಣು ಮುಚ್ಚಿದಳು.

“ಬೇಕು,” ಎಂದಳು.

“ಏನಂದ್ರಿ?”

“ಬೇಕು. ಈಗ್ಲೇ ಬೇಕು. ಇನ್ಯಾರಿಗೂ ಕೊಡ್ಬೇಡಿ.”

ಫೋನು ಇಟ್ಟ ಮೇಲೆ ಮುಖ ಮುಚ್ಚಿಕೊಂಡು ಕೂತಳು. “ಮರ್ಲ್, ನೀನು ಇದನ್ನ ಯಾರಿಗೂ ಹೇಳ್ಬಾರ್ದು,” ಎಂದಳು. ನಾನು ಮಾತು ಕೊಟ್ಟೆ. ಸಂಜೆಯೊಳಗೆ ಹನ್ನೊಂದು ಜನಕ್ಕೆ ಹೇಳಿದ್ದೆ.

ಬೇಸಿಗೆಯಲ್ಲಿ ಸಕ್ಕರೆಯ ಆ ಸಾಲನ್ನು ಸಮಿತಿ ನಮಗೆ ಬೇಕಾದ ಹಾಗೇ ಬರೆಯಿತು. ಚರ್ಚಿನ ಹೆಂಗಸರು ಒಂದಷ್ಟು ದಿನ ಆರ್ಡಿಸಳನ್ನು ಕುಡಿತಕ್ಕೆ ಬಿದ್ದವಳನ್ನು ನೋಡುವ ಹಾಗೆ ಅನುಕಂಪದಿಂದ ನೋಡಿದರು, ಆಮೇಲೆ ಸದ್ದಿಲ್ಲದೆ ಗೇಲನ್‌ಗೆ ವೋಟು ಹಾಕಿದರು. ಒಂಬೈನೂರು ಚಿಲ್ಲರೆ ವೋಟಿನ ಅಂತರದಲ್ಲಿ ಅವನು ಗೆದ್ದ.

ಮಾರನೇ ವಾರ ವಾಷಿಂಗ್ಟನ್ನಿನಿಂದ ಅವನೇ ಫೋನು ಮಾಡಿದ. ಆಗಲೂ ನಾನು ಅಲ್ಲೇ ಇದ್ದೆ. ನನ್ನ ವಿಮೆ ಇನ್ನೂ ಬಂದಿರಲಿಲ್ಲ.

“ಇನ್ನಾರು ವರ್ಷ ಕಚೇರಿ ನೀವೇ ನೋಡ್ಕೋತೀರಾ ಆರ್ಡಿಸ್?”

“ಅಯ್ಯೋ, ನಂಗೆ ವಯಸ್ಸಾಯ್ತು. ಯಾರಾದ್ರೂ ಚಿಕ್ಕೋರನ್ನ ನೋಡಿ.”

“ಹೌದಾ? ಬೇಜಾರಾಯ್ತು. ಸರಿ, ನಿಮ್ಮಿಷ್ಟ. ಥ್ಯಾಂಕ್ಸ್.” ಇಟ್ಟೇಬಿಟ್ಟ.

ಆರ್ಡಿಸ್ ಬಿಳಿಚಿಕೊಂಡಳು. ಒಂದೇ ಸಲ ಕೇಳುವ ವಾಷಿಂಗ್ಟನ್ನಿನ ಪಾಠವನ್ನು ಗೇಲನ್ ಅಷ್ಟು ಚೆನ್ನಾಗಿ ಕಲಿತುಬಿಟ್ಟಿದ್ದ, ಮುಠ್ಠಾಳ. ಅವಳು ಬಟ್ಟೆ ತೆಗೆದುಕೊಂಡು ಮೇಜು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ನಾನೇ ಅವನಿಗೆ ಫೋನು ಮಾಡಿ ಬೈಯೋಣವೆಂದು ಏಳುವಷ್ಟರಲ್ಲಿ ಅವಳೇ ನಂಬರು ಒತ್ತಿದಳು.

“ಸೆನೆಟರ್ರೇ, ನಾನು ಆರ್ಡಿಸ್. ನೀವು ಒಂದೇ ಸಲ ಕೇಳಿ ಇಟ್ಬಿಟ್ರಿ.”

ಅವನ ಕಿವಿ ಕೆಂಪಾಗುವುದು ನನಗೆ ಇಲ್ಲಿಂದಲೇ ಕಾಣಿಸಿತು.

“ಇರ್ತೀರಾ, ಆರ್ಡಿಸ್?”

“ಬೇಡ ಬಿಡಿ, ನಿಮಗ್ಯಾಕೆ ತೊಂದ್ರೆ.”

“ದಯವಿಟ್ಟು ಇರಿ.”

“ಸರಿ,” ಎಂದಳು, “ನೀವು ಇಷ್ಟು ಬಲವಂತ ಮಾಡೋವಾಗ.”