ಪ್ಲಗ್ ತೆಗೆದ ಮೇಲೂ ಉಳಿದ ಗುಂಯ್ ಸದ್ದು

ಹಳೆಯ ಟ್ಯೂಬ್ ಆಂಪ್ಲಿಫಯರ್ ಬೇಕೆಂದು ಹಟ ಹಿಡಿದವರು ನನ್ನ ಗಂಡ. ಕುವೈತಿನ ಸಬ್ಹಾನಿನಲ್ಲಿರುವ ತಗಡಿನ ಕಾರ್ಖಾನೆಯಲ್ಲಿ ಅವರು ಫೋರ್‌ಮನ್. ಇಲ್ಲಿ ರಜೆಯ ದಿನವಾದ ಶುಕ್ರವಾರ ಇಗರ್ಜಿಯ ಗಾಯನ ತಂಡಕ್ಕೆ ಕೀಬೋರ್ಡ್ ನುಡಿಸುತ್ತಾರೆ. ಈಚೆಗೆ ಮನೆಯ ಸ್ಟೀರಿಯೋದಲ್ಲಿ ಏನು ಹಾಕಿದರೂ ಅವರಿಗೆ ರುಚಿಸುತ್ತಿರಲಿಲ್ಲ. ಎಲ್ಲ ಹಾಡೂ ಡಬ್ಬದೊಳಗಿಂದ ಬಂದ ಹಾಗಿದೆ ಎನ್ನುತ್ತಿದ್ದರು. ಟ್ಯೂಬಿನ ಸೆಟ್ಟಿನಲ್ಲಿ ಸ್ವರ ತುಂಬಿ ಬರುತ್ತದೆಂದು ಯಾರೋ ಹೇಳಿದ್ದರಂತೆ. ನಾನು ಆಸ್ಪತ್ರೆಯಲ್ಲಿ ಯಂತ್ರಗಳ ರಿಪೇರಿ ವಿಭಾಗದವಳು. ಹಳೆಯದು ಸಿಕ್ಕಿದರೆ ನಾನೇ ಸರಿಮಾಡುತ್ತೇನೆ ಎಂದೆ.

ಶುಕ್ರವಾರದ ಸಂತೆಯಲ್ಲಿ ಎರಡು ಕಂಡವು. ಒಂದು ಫಳಫಳ ಹೊಳೆಯುತ್ತಿತ್ತು. ಅವರ ಕಣ್ಣು ಅದರ ಮೇಲೆಯೇ. ಮಗುಚಿ ನೋಡಿದರೆ ಟ್ರಾನ್ಸ್‌ಫಾರ್ಮರಿನಿಂದ ಸುಟ್ಟ ವಾಸನೆ. ಇನ್ನೊಂದಕ್ಕೆ ತುಕ್ಕು, ಒಳಗೆಲ್ಲ ಮರಳಿನ ಧೂಳು, ಆದರೆ ಮೀಟರ್ ಇಟ್ಟಾಗ ಟ್ರಾನ್ಸ್‌ಫಾರ್ಮರಿನ ಸುರುಳಿಗಳು ಸರಿಯಾಗಿದ್ದವು. ಟ್ರಾನ್ಸ್‌ಫಾರ್ಮರ್ ಸತ್ತರೆ ಅಂಥದ್ದು ಬೇರೆ ಸಿಗುವುದಿಲ್ಲ, ಉಳಿದದ್ದನ್ನೆಲ್ಲ ಬದಲಾಯಿಸಬಹುದು ಎಂದು ಅವರನ್ನು ಒಪ್ಪಿಸಿದೆ. ಮಾರುತ್ತಿದ್ದ ಕುವೈತಿ ಹಿರಿಯರು, ಅದು ತೀರಿಹೋದ ಅಣ್ಣನದು, ಮನೆಯಲ್ಲಿ ಈಗ ಕೇಳುವವರಿಲ್ಲ ಎಂದು ಹೇಳಿ ತಾವೇ ಕಾರಿನ ತನಕ ಬಂದರು.

ರಿಗ್ಗೈಯ ನಮ್ಮ ಫ್ಲ್ಯಾಟಿನ ಊಟದ ಮೇಜು ಅದರ ಪಾಲಾಯಿತು. ನಾವು ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣತೊಡಗಿದೆವು. ಬ್ರಶ್ಶಿನಿಂದ ಧೂಳು ತೆಗೆದೆ, ಉಬ್ಬಿದ್ದ ಕೆಪಾಸಿಟರುಗಳನ್ನು ಕಿತ್ತು ಹೊಸವನ್ನು ಬೆಸೆದೆ. ಕೊನೆಗೊಂದು ದಿನ ಟ್ಯೂಬುಗಳು ಕೆಂಪಗೆ ಕಾದು ಹಾಡು ಬಂತು. ಅವರು ಕಣ್ಣು ಮುಚ್ಚಿ ಕುಳಿತರು. ಮುಗಿದ ಕೂಡಲೇ, "ಗುಂಯ್ ಅಂತ ಒಂದು ಸದ್ದು ಉಂಟಲ್ಲ," ಎಂದರು.

ನನಗೆ ಕೇಳಿಸಲಿಲ್ಲ. ಆದರೆ ಸಂಗೀತಗಾರನ ಕಿವಿ ನನ್ನದಕ್ಕಿಂತ ಸೂಕ್ಷ್ಮವೆಂದು ನಂಬಿದೆ. ಅರ್ಥ್ ತಂತಿಯ ಜಾಗ ಬದಲಿಸಿದೆ, ಟ್ಯೂಬುಗಳಿಗೆ ಹೋಗುವ ತಂತಿಗಳನ್ನು ಹೆಣೆದು ಬಿಗಿದೆ, ಹೊಸ ಟ್ಯೂಬುಗಳನ್ನು ತರಿಸಿದೆ. ಪ್ರತಿ ಸಲವೂ ಅವರು ಸ್ಪೀಕರಿಗೆ ಕಿವಿಯಿಟ್ಟು, ಸದ್ದು ಹೋಗಿಲ್ಲವೆಂದು ತಲೆಯಾಡಿಸುತ್ತಿದ್ದರು. ನನ್ನ ಕೆಲಸದ ಮೇಲೆ ನನಗೇ ನಂಬಿಕೆ ಹೋಗುತ್ತಾ ಬಂತು.

ಒಂದು ಶುಕ್ರವಾರ ಪೂಜೆ ಮುಗಿಸಿ ಬಂದ ಮೇಲೆ ಕಿಟಕಿ ಮುಚ್ಚಿ, ಎಸಿ, ಫ್ರಿಜ್ ಎರಡನ್ನೂ ಆರಿಸಿದೆ. ಕೋಣೆ ಕ್ಷಣದಲ್ಲಿ ಬೇಯತೊಡಗಿತು. ಅವರು ನನಗೆ ಬೆನ್ನು ಹಾಕಿ ಸ್ಪೀಕರಿನ ಮುಂದೆ ಬಗ್ಗಿದ್ದರು. ಸೆಟ್ ಹಾಕಿದೆ, ಉಂಟು ಎಂದರು. ಬೇಸತ್ತು ಪ್ಲಗ್ಗನ್ನೇ ಗೋಡೆಯಿಂದ ಎಳೆದೆ. ಟ್ಯೂಬುಗಳ ಕೆಂಪು ಪೂರ್ತಿ ಆರುವವರೆಗೆ ಕಾದು ಕೇಳಿದೆ.

"ಈಗ?"

"ಈಗಲೂ ಉಂಟು. ಚೂರೂ ಕಮ್ಮಿ ಆಗ್ಲಿಲ್ಲ."

ಹೇಳುತ್ತಲೇ ನನ್ನ ಕಡೆ ತಿರುಗಿದರು. ನನ್ನ ಕೈಯಲ್ಲಿದ್ದ ಪ್ಲಗ್ ನೋಡಿದರು. ಎರಡೂ ಅಂಗೈಯಿಂದ ಕಿವಿ ಮುಚ್ಚಿ, ತೆಗೆದು, ಮತ್ತೆ ಮುಚ್ಚಿದರು.

"ಹಾಗಾದ್ರೆ ಇದು ನನ್ನ ತಲೆಯೊಳಗೆ ಉಂಟಾ ಮಾರಾಯ್ತಿ?"

ಕಿವಿಯ ಪರೀಕ್ಷೆ ನಮ್ಮ ಆಸ್ಪತ್ರೆಯಲ್ಲೇ ಆಯಿತು. ತಗಡು ಬಡಿಯುವ ಯಂತ್ರಗಳ ನಡುವೆ ಕಳೆದ ವರ್ಷಗಳು ನರವನ್ನು ಸವೆಸಿವೆ, ಹೋದದ್ದು ಮರಳುವುದಿಲ್ಲ, ಆ ಸದ್ದಿಗೆ ಮದ್ದಿಲ್ಲ ಎಂದರು ಡಾಕ್ಟರು. ಪಿಟೀಲಿನಂಥ ಎತ್ತರದ ಸ್ವರಗಳ ಕಡೆ ಹೋದಂತೆ ಗ್ರಾಫಿನ ಗೆರೆ ಕಡಿದಾಗಿ ಕೆಳಗಿಳಿದಿತ್ತು. ಕಿವಿ ಪರೀಕ್ಷಿಸುವ ಆ ಯಂತ್ರವನ್ನು ನೋಡಿಕೊಳ್ಳುವವಳು ನಾನೇ. ಮರುದಿನ ಡ್ಯೂಟಿಗೆ ಹೋದವಳು ಮೊದಲು ಅದನ್ನೇ ಬಿಚ್ಚಿ ಒಂದೊಂದಾಗಿ ಪರೀಕ್ಷಿಸಿದೆ. ಎಲ್ಲಾದರೂ ತಪ್ಪು ಸಿಗಲಿ ಎಂದು ಬೇಡಿಕೊಳ್ಳುತ್ತಿದ್ದೆ. ಯಂತ್ರ ಸರಿಯಾಗಿಯೇ ಇತ್ತು.

ಇಕಾಮಾ, ಅಂದರೆ ಇಲ್ಲಿ ಇರಲು ಬೇಕಾದ ಪರವಾನಗಿ, ಆ ಕಾರ್ಖಾನೆಯದೇ ಆದ್ದರಿಂದ ಕೆಲಸ ಬಿಡುವಂತಿಲ್ಲ. ಬೇರೆ ವಿಭಾಗ ಕೇಳಿದ್ದಾರೆ, ನೋಡೋಣ ಎಂದಿದ್ದಾರೆ ಮೇಲಿನವರು. ಈಗ ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡು ಹೋಗುತ್ತಾರೆ.

ಸಂಜೆ ಬಂದು ಆಂಪ್ಲಿಫಯರ್ ಹಾಕುತ್ತಾರೆ. ಹಾಡಿನಡಿಯಲ್ಲಿ ಆ ಸದ್ದು ತುಸು ಅಡಗುತ್ತದಂತೆ. ಅವರಿಗೆ ಬಾಯಿಪಾಠವಾದ ಹಾಡುಗಳೇ ಎಲ್ಲ. ನಡುವೆ ಒಮ್ಮೊಮ್ಮೆ ನನ್ನ ಕಡೆ ತಿರುಗಿ, "ಪಿಟೀಲು ಬಂತಾ?" ಎಂದು ಮೆಲ್ಲಗೆ ಕೇಳುತ್ತಾರೆ.

ಬಂತು ಎನ್ನುತ್ತೇನೆ.